ಕೊನೆಯ ತೂಬಿನ ಹುಡುಗ

ಮಸ್ಕಿಯ ಬಸ್ ನಿಲ್ದಾಣದಲ್ಲಿ ಸಿಂಧನೂರಿನ ಬಸ್ಸಿಗೆ ಕಾಯುತ್ತ ಕೂತ ರೈತನೊಬ್ಬನಿಗೆ ಪಕ್ಕದವರು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡು. ಮೊದಲನೆಯದು, 'ಕಾಲುವಿಗೆ ನೀರ ಬಂತೇನ್ರಿ?' ಎರಡನೆಯದು, 'ಮಗ ಏನ್ ಮಾಡ್ತಾನ?' ಮೊದಲನೆಯದಕ್ಕೆ ಉತ್ತರ ಸುಲಭ. ಬಹುಪಾಲು 'ಇಲ್ಲ' ಎಂದೇ ಇರುತ್ತದೆ. ಎರಡನೆಯದಕ್ಕೆ ಈ ರೈತ ನಾಲ್ಕು ವರ್ಷ ತಡವರಿಸಿದ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಎಂದರೆ 'ಸಾಫ್ಟ್‌ವೇರೇನು?' ಎಂಬ ಮರುಪ್ರಶ್ನೆ ಬರುತ್ತದೆ. ಅಲ್ಲ ಎಂದರೆ ಮತ್ತೇನು ಎಂದು ಹೇಳಬೇಕಾಗುತ್ತದೆ. ಆತನಿಗೆ ಗೊತ್ತಿದ್ದದ್ದು ಒಂದೇ ಮಾತು: 'ವೈರ್ ಹಾಕ್ತಾನ್ರೀ.'

ಅಲ್ಲಿಗೆ ಮಾತು ಮುಗಿಯುತ್ತಿತ್ತು. ಕೇಳಿದವರು 'ಓ, ಲೈಟಿನ ಕೆಲಸ' ಎಂದುಕೊಂಡು ಸುಮ್ಮನಾಗುತ್ತಿದ್ದರು. ಲಿಂಗಸುಗೂರಿನಲ್ಲಿ ಮೂರು ವರ್ಷ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿಸಿ, ರೂಮಿನ ಬಾಡಿಗೆಗೂ ಖಾನಾವಳಿಗೂ ಭತ್ತ ಮಾರಿದ ದುಡ್ಡು ಸುರಿದ ತಂದೆಗೆ ಆ ಮೌನ ಚುಚ್ಚುತ್ತಿತ್ತು. ಅದೇ ಊರಿನಲ್ಲಿ ಇಂಜಿನಿಯರಿಂಗ್ ಓದಿದ ಮತ್ತೊಬ್ಬರ ಮಗ ಮನೆಯಲ್ಲೇ ಕೂತು, ಮಡಿಲ ಮೇಲೆ ಗಣಕ ಇಟ್ಟುಕೊಂಡು, ಫ್ಯಾನಿನ ಗಾಳಿಯಲ್ಲಿ ಸಂಬಳ ತೆಗೆದುಕೊಳ್ಳುತ್ತಿದ್ದ. ಈ ಹುಡುಗ ಮಾತ್ರ ರಾತ್ರಿ ಪಾಳಿ, ಮಂಡಿಯೂರಿ ಕೆಲಸ, ಬೆರಳ ತುದಿಯಲ್ಲಿ ಗೀರು. ಹೀಗಾಗಿ ಹತ್ತನೇ ತರಗತಿ ಪಾಸಾದ ಮಗಳು ತಾನೂ ಅಣ್ಣನ ಹಾಗೆ ಡಿಪ್ಲೊಮಾ ಮಾಡುತ್ತೇನೆಂದು ಅರ್ಜಿ ತಂದಾಗ ಆತ ಹೇಳಿದ್ದಿಷ್ಟೆ: 'ಒಬ್ಬಾವ ವೈರ್ ಹಾಕಿದ್ದು ಸಾಕವ್ವ.' ಅರ್ಜಿ ಹದಿನೈದು ದಿನ ದೇವರ ಜಗಲಿಯ ಮೇಲೆ ಕುಂಕುಮದ ಬಟ್ಟಲಿನ ಕೆಳಗೆ ಕೂತಿತು.

ಕಾರಹುಣ್ಣಿಮೆಗೆ ಮಗ ಊರಿಗೆ ಬಂದ. ತಂಗಿ ಅರ್ಜಿಯ ಸುದ್ದಿ ಎತ್ತಲಿಲ್ಲ, ಅವ್ವ ಎತ್ತಿದಳು. ಹುಡುಗ ಮನೆಯಲ್ಲಿ ವಾದ ಮಾಡಲಿಲ್ಲ. ಸಂಜೆ ಅಪ್ಪನನ್ನು ಕರೆದುಕೊಂಡು ಹೊಲದ ಕಡೆ ನಡೆದ.

ಇವರ ಹೊಲ ತುಂಗಭದ್ರಾ ಎಡದಂಡೆ ನಾಲೆಯ ಒಂದು ಉಪಕಾಲುವೆಯ ಕಟ್ಟಕಡೆಯ ತೂಬಿನಲ್ಲಿದೆ. ಆ ಸೀಮೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ದೂರದ ಓದುಗರಿಗೆ ಮಾತ್ರ ಒಂದೆರಡು ಮಾತು. ಹೊಸಪೇಟೆಯ ಬಳಿಯ ಜಲಾಶಯದಿಂದ ಹೊರಟ ಮುಖ್ಯ ನಾಲೆ ಸುಮಾರು 227 ಕಿಲೋಮೀಟರು ಹರಿದು ರಾಯಚೂರಿನತ್ತ ಸಾಗುತ್ತದೆ. ಅದರಿಂದ ಉಪಕಾಲುವೆಗಳು, ಅವುಗಳಿಂದ ಲ್ಯಾಟರಲ್‌ಗಳು, ಅಲ್ಲಿಂದ ತೂಬು, ತೂಬಿನಿಂದ ಹೊಲಗಾಲುವೆ. ದೇಶವೆಲ್ಲ ಕಿಲೋಮೀಟರಿಗೆ ಬಂದು ದಶಕಗಳಾದರೂ ಇಲ್ಲಿ ನೀರಿನ ಲೆಕ್ಕ ಮೈಲಿನಲ್ಲೇ: ಮೈಲು 69ರಲ್ಲಿ ಗೇಜ್ ಎಷ್ಟು, ಮೈಲು 104ರಲ್ಲಿ ಎಷ್ಟು ಎಂದು ಸಭೆಗಳಲ್ಲಿ ಜಗಳವಾಗುತ್ತದೆ. ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆಗಳೇ ಹೆಚ್ಚು ಎಂದು ಲೆಕ್ಕ ಹಾಕಿ ಕಟ್ಟಿದ ನಾಲೆ ಇದು. ನೀರು ಕಂಡ ಮೇಲ್ಭಾಗದವರು ಭತ್ತ ಹಚ್ಚಿದರು. ಕೆಳಭಾಗದವರು ಧರಣಿ ಕೂತರು. ಒಂದು ಸಾಲಿನಲ್ಲಿ ಹೇಳಿದರೆ ಇದೇ ಆ ನಾಲೆಯ ಚರಿತ್ರೆ.

ಒಣಗಿದ ತೂಬಿನ ಕಟ್ಟೆಯ ಮೇಲೆ ಅಪ್ಪ, ಮಗ ಕೂತರು. 'ನಾ ಬೆಂಗಳೂರಾಗ ಮಾಡೋದು ಇದೇ ಕೆಲಸನಪ್ಪ,' ಎಂದ ಹುಡುಗ. 'ತೂಬು ಕೂಡಸೋದು.'

ಅಪ್ಪನಿಗೆ ಮಗ ತನ್ನನ್ನು ತಮಾಷೆ ಮಾಡುತ್ತಿದ್ದಾನೆ ಅನ್ನಿಸಿರಬೇಕು. ಆದರೆ ಹುಡುಗ ಹೇಳಿದ್ದರಲ್ಲಿ ತಮಾಷೆ ಇರಲಿಲ್ಲ. ಆತ ಕೆಲಸ ಮಾಡುವುದು ದತ್ತಾಂಶ ಕೇಂದ್ರವೊಂದರ ಒಳಗೆ. ಕಿಟಕಿಯೇ ಇಲ್ಲದ ದೊಡ್ಡ ಹಜಾರ. ಅದರೊಳಗೆ ಸಾಲುಸಾಲಾಗಿ ಕಬ್ಬಿಣದ ಕಪಾಟುಗಳು. ಇದಕ್ಕೆ ರ‍್ಯಾಕ್ ಎನ್ನುತ್ತಾರೆ. ಜಗತ್ತಿನ ಯಾವ ದೇಶಕ್ಕೆ ಹೋದರೂ ಇದರ ಅಳತೆ ಬಹುತೇಕ ಒಂದೇ: ಒಳಗೆ ಕೂರುವ ಯಂತ್ರದ ಅಗಲ 19 ಅಂಗುಲ, ಒಂದು ಮನೆಯ ಎತ್ತರ ಒಂದೂಮುಕ್ಕಾಲು ಅಂಗುಲ. ಇಂಥ 42 ಮನೆಗಳನ್ನು ಒಂದರ ಮೇಲೊಂದು ಜೋಡಿಸಿದರೆ ಆರಡಿಗೂ ಸ್ವಲ್ಪ ಹೆಚ್ಚು ಎತ್ತರದ ಕಪಾಟು. ಅದರೊಳಗೆ ಹಳೆಯ ವಿಸಿಆರ್ ಪೆಟ್ಟಿಗೆಯಂತೆ ಚಪ್ಪಟೆಯಾದ ಗಣಕಗಳು. ಪರದೆಯಿಲ್ಲ, ಕೀಲಿಮಣೆಯಿಲ್ಲ, ಫ್ಯಾನುಗಳ ಭೋರಾಟ ಮಾತ್ರ. ಇವೇ ಸರ್ವರ್‌ಗಳು.

ಒಂದೊಂದು ಸರ್ವರ್ ಬಿಡಿಯಾಗಿ ದೊಡ್ಡ ಪರಾಕ್ರಮಿಯೇನಲ್ಲ. ಹತ್ತಾರು, ನೂರಾರು ಸರ್ವರ್‌ಗಳು ಒಂದೇ ಕೆಲಸವನ್ನು ಹಂಚಿಕೊಂಡು ಮಾಡಿದಾಗ ಅದು ಕ್ಲಸ್ಟರ್ ಆಗುತ್ತದೆ. ಕನ್ನಡನಾಡಿಗೆ ಈ ವಿದ್ಯೆ ಹೊಸದಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ಕೆಲವೇ ಸಂಸ್ಕಾರಕಗಳನ್ನು ಹೂಡಿ ಒಟ್ಟಿಗೆ ದುಡಿಸಿದ 'ಫ್ಲೋಸಾಲ್ವರ್' ಸಿದ್ಧವಾದದ್ದು 1986ರಲ್ಲಿ. ಅದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ 'ಪರಮ್ ಪ್ರವೇಗ'ದ ಸಾಮರ್ಥ್ಯ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ ಸುಮಾರು 3,300 ಲಕ್ಷ ಕೋಟಿ ಲೆಕ್ಕ. ಇದೂ ಒಂದೇ ದೈತ್ಯ ಯಂತ್ರವಲ್ಲ, ಕಪಾಟುಗಳಲ್ಲಿ ಕೂತ ನೂರಾರು ಗಣಕಗಳ ಒಕ್ಕೂಟ. ಅವುಗಳ ನಡುವಿನ ತಂತಿ ಕಿತ್ತರೆ ಉಳಿಯುವುದು ನೂರಾರು ಒಂಟೆತ್ತುಗಳು.

ಆ ತಂತಿಯೇ ಹುಡುಗನ ಕೆಲಸ. ಪ್ರತಿ ಕಪಾಟಿನ ನೆತ್ತಿಯಲ್ಲಿ ಒಂದೋ ಎರಡೋ ಸ್ವಿಚ್ ಕೂರುತ್ತವೆ. ಇದು ದೀಪ ಹಚ್ಚುವ ಸ್ವಿಚ್ಚಲ್ಲ. ಬಂದ ಮಾಹಿತಿಯ ವಿಳಾಸ ನೋಡಿ, ಯಾವ ಬಾಯಿಗೆ ಕಳಿಸಬೇಕೋ ಆ ಬಾಯಿಗಷ್ಟೇ ಕಳಿಸುವ ಪೆಟ್ಟಿಗೆ. ಕಪಾಟಿನ ಸರ್ವರ್‌ಗಳೆಲ್ಲ ಮೊದಲು ಇದಕ್ಕೆ ಸೇರುತ್ತವೆ. ಇದು ಅಲ್ಲಿಂದ ಇನ್ನೂ ದೊಡ್ಡ ಸ್ವಿಚ್ಚುಗಳಿಗೆ ಗಾಜಿನೆಳೆಯ ಮೂಲಕ ಸೇರುತ್ತದೆ. ನೆತ್ತಿಯ ಮೇಲೆಯೇ ಏಕೆ? ಹಿಂದೆ ಸಾಲಿನ ಕೊನೆಯಲ್ಲಿ ಒಂದೇ ದೊಡ್ಡ ಸ್ವಿಚ್ ಇಟ್ಟು, ಪ್ರತಿ ಸರ್ವರಿನಿಂದಲೂ ಅಲ್ಲಿಯವರೆಗೆ ತಂತಿ ಎಳೆಯುವ ಪದ್ಧತಿ ಹೆಚ್ಚಾಗಿತ್ತು. ನೆಲದಡಿ ತೊಡೆಗಾತ್ರದ ತಂತಿಯ ಕಟ್ಟುಗಳು. ಒಂದು ಕೆಟ್ಟರೆ ಹುಡುಕುವುದು ಬಣವೆಯಲ್ಲಿ ಕಡ್ಡಿ ಹುಡುಕಿದಂತೆ. ಅಲ್ಲದೆ ವೇಗ ಹೆಚ್ಚಿದಷ್ಟೂ ತಾಮ್ರದ ಓಟ ಕಡಿಮೆ. ಸೆಕೆಂಡಿಗೆ 25 ಗಿಗಾಬಿಟ್ ಸಾಗಿಸುವ ತಾಮ್ರದ ಕೇಬಲ್ ಸಾಮಾನ್ಯವಾಗಿ 3ರಿಂದ 5 ಮೀಟರಿಗೆ ಸುಸ್ತಾಗುತ್ತದೆ. ಕಪಾಟಿನೊಳಗೆ ಅಷ್ಟು ಸಾಕು. ಆದ್ದರಿಂದ ಒಳಗೆ ಅಗ್ಗದ ತಾಮ್ರ, ಹೊರಗಿನ ದೂರಕ್ಕೆ ದುಬಾರಿ ಗಾಜಿನೆಳೆ. ಹೊಲಕ್ಕೊಂದು ತೂಬು ಕೊಟ್ಟ ಮೇಲೆ ಪ್ರತಿಯೊಬ್ಬನೂ ಮುಖ್ಯ ನಾಲೆಯಿಂದಲೇ ಕಾಲುವೆ ತೋಡಬೇಕಾಗಿಲ್ಲ ಎಂಬುದು ಇದರ ಲೆಕ್ಕ.

'ಹಂಗಾದ್ರ ಮ್ಯಾಲಿನಾವ ಭತ್ತ ಹಚ್ಚಿದ್ರ?' ಅಪ್ಪ ಕೇಳಿದ.

ಈ ಪ್ರಶ್ನೆ ಕೇಳಲು ಪಟ್ಟಣದ ಹುಡುಗರು ಪದವಿಯ ಮೂರನೇ ವರ್ಷದವರೆಗೆ ಕಾಯುತ್ತಾರೆ. ಸ್ವಿಚ್ಚಿನಲ್ಲಿ ಸರ್ವರ್‌ಗಳಿಗೆಂದು 25 ಗಿಗಾಬಿಟ್ಟಿನ 48 ಬಾಯಿಗಳಿವೆ ಎನ್ನೋಣ. ಎಲ್ಲವೂ ಒಮ್ಮೆಗೇ ಸುರಿದರೆ 1,200 ಗಿಗಾಬಿಟ್. ಮೇಲಕ್ಕೆ ಹೋಗಲು 100ರ ಆರು ದಾರಿಗಳಿದ್ದರೆ ಹಿಡಿಯುವುದು 600 ಮಾತ್ರ. ಎರಡಕ್ಕೆ ಒಂದು. ಎಲ್ಲರೂ ಏಕಕಾಲಕ್ಕೆ ನೀರು ಕೇಳುವುದಿಲ್ಲ ಎಂಬ ನಂಬಿಕೆಯ ಮೇಲೆ ನಿಂತ ಲೆಕ್ಕವಿದು. ತುಂಗಭದ್ರೆಯ ಲೆಕ್ಕವೂ ಹೀಗೇ ಇತ್ತು. ಜಾಲತಾಣ ನಡೆಸುವ ಸರ್ವರ್‌ಗಳಿಗೆ ಇದು ನಡೆದೀತು, ಅವು ಜೋಳದ ಹಾಗೆ. ಒಂದು ಗಣಕ ಮಾಡಿದ ಲೆಕ್ಕಕ್ಕೆ ಇನ್ನೊಂದು ಕ್ಷಣಕ್ಷಣವೂ ಕಾಯುವ ಕ್ಲಸ್ಟರ್‌ಗಳು ಮಾತ್ರ ಭತ್ತದ ಹಾಗೆ. ಅವಕ್ಕೆ ಸುರಿದಷ್ಟೂ ಬೇಕು. ಬಿತ್ತುವ ಮೊದಲೇ ಏನು ಬಿತ್ತುತ್ತೀರಿ ಎಂದು ಕೇಳಿ, ಅದಕ್ಕೆ ತಕ್ಕಂತೆ ಮೇಲಿನ ದಾರಿಗಳನ್ನು ಹಾಕುವವನೇ ಒಳ್ಳೆಯ ಇಂಜಿನಿಯರ್.

ಇನ್ನೊಂದು ವ್ಯತ್ಯಾಸವೂ ಇದೆ. ಅಲ್ಲಿ ಪ್ರತಿ ಕಪಾಟಿನ ಸ್ವಿಚ್ಚೂ ಮೇಲಿನ ಪ್ರತಿಯೊಂದು ದೊಡ್ಡ ಸ್ವಿಚ್ಚಿಗೂ ನೇರ ಸೇರುತ್ತದೆ. ಹೀಗಾಗಿ ಯಾವ ಕಪಾಟಿನಿಂದ ಬೇರೆ ಯಾವ ಕಪಾಟಿಗೆ ಹೋದರೂ ಮೆಟ್ಟಿಲುಗಳು ಸಮ. ಮೇಲ್ಭಾಗ, ಕೆಳಭಾಗ ಎಂಬುದೇ ಇಲ್ಲ. ಈ ಜೋಡಣೆಯ ಮೂಲ, ದೂರವಾಣಿ ವಿನಿಮಯ ಕೇಂದ್ರಗಳಿಗಾಗಿ ಅಮೆರಿಕದ ಬೆಲ್ ಪ್ರಯೋಗಾಲಯದ ಚಾರ್ಲ್ಸ್ ಕ್ಲಾಸ್ 1953ರಲ್ಲಿ ಪ್ರಕಟಿಸಿದ ಒಂದು ಲೇಖನ. ತುಂಗಭದ್ರೆಯ ನೀರನ್ನು ಮೊದಲು ಕಾಲುವೆಗೆ ಬಿಟ್ಟದ್ದೂ ಅದೇ ವರ್ಷ. ಎರಡಕ್ಕೂ ಸಂಬಂಧವೇನೂ ಇಲ್ಲ; ಆದರೂ ಒಂದೇ ವರ್ಷ ಹುಟ್ಟಿದ ಎರಡು ಹಂಚಿಕೆಗಳಲ್ಲಿ ಒಂದು ಎಲ್ಲರಿಗೂ ಸಮ ದೂರವಿಟ್ಟಿತು, ಇನ್ನೊಂದಕ್ಕೆ ಭೂಮಿಯ ಇಳಿಜಾರು ಅದನ್ನು ಬಿಡಲಿಲ್ಲ.

'ಹಂಗ ಕಾಲುವಿ ಕಟ್ಟಿದ್ರ ನಾವ್ಯಾಕ ರಸ್ತೇದಾಗ ಕೂಡ್ತಿದ್ವಿ,' ಎಂದನಂತೆ ಅಪ್ಪ. ಅಂದು ಆತ ಮೊದಲ ಸಲ ನಕ್ಕದ್ದು ಆಗಲೇ.

ನಗು ಬಂದ ಧೈರ್ಯದಲ್ಲಿ ಹುಡುಗ, ಮನೆಯಲ್ಲಿ ಯಾರಿಗೂ ಹೇಳದ ಒಂದು ಸಂಗತಿ ಹೇಳಿದ. ಕೆಲಸಕ್ಕೆ ಸೇರಿದ ಮೂರನೇ ತಿಂಗಳು. ರಾತ್ರಿ ಎರಡು ಗಂಟೆ. ಹೊಸ ಕಪಾಟಿನ ಹದಿನಾರು ಸರ್ವರ್‌ಗಳಿಗೆ ಕೇಬಲ್ ಹಾಕಬೇಕಿತ್ತು. ನಿಯಮ ಸರಳ: ನೆತ್ತಿಯಲ್ಲಿ ಎರಡು ಸ್ವಿಚ್ಚುಗಳಿರುತ್ತವೆ, ಪ್ರತಿ ಸರ್ವರಿನಿಂದ ಒಂದು ಕೇಬಲ್ ಎಡದ ಸಾಲಿನಲ್ಲಿ ಒಂದನೇ ಸ್ವಿಚ್ಚಿಗೆ, ಇನ್ನೊಂದು ಬಲದ ಸಾಲಿನಲ್ಲಿ ಎರಡನೆಯದಕ್ಕೆ. ಒಂದು ಸ್ವಿಚ್ ಸತ್ತರೆ ಇನ್ನೊಂದು ಹಿಡಿದುಕೊಳ್ಳಲಿ ಎಂದು ಈ ಏರ್ಪಾಡು. ಎಂಟು ಸರ್ವರ್ ಸರಿಯಾಗಿ ಮುಗಿಸಿದ. ಉಳಿದ ಎಂಟಕ್ಕೆ ನಿದ್ದೆಗಣ್ಣಿನಲ್ಲಿ ಎರಡೂ ಕೇಬಲ್‌ಗಳನ್ನು ಒಂದೇ ಸ್ವಿಚ್ಚಿಗೆ ಚುಚ್ಚಿದ. ಹಸಿರು ದೀಪಗಳೆಲ್ಲ ಮಿಣಮಿಣ ಹೊತ್ತಿಕೊಂಡವು. ದೀಪಕ್ಕೆ ತಂತಿ ಸೇರಿದೆ ಎಂಬುದಷ್ಟೇ ಗೊತ್ತು, ಎಲ್ಲಿಗೆ ಸೇರಿದೆ ಎಂಬುದಲ್ಲ. ಹುಡುಗ ಸಹಿ ಮಾಡಿ ಹೋಗಿ ಮಲಗಿದ.

ಎರಡು ವಾರ ಏನೂ ಆಗಲಿಲ್ಲ. ಆಮೇಲೊಂದು ದಿನ ಆ ಸ್ವಿಚ್ಚಿನ ತಂತ್ರಾಂಶ ಬದಲಿಸಲು ಅದನ್ನು ಆರಿಸಿ ಹೊತ್ತಿಸಿದರು. ಎರಡು ದಾರಿಗಳಿವೆಯಲ್ಲ, ಹಗಲೇ ಮಾಡಿದರಾಯಿತು ಎಂಬ ಭರವಸೆ. ಎಂಟು ಸರ್ವರ್‌ಗಳು ಒಮ್ಮೆಗೇ ಮಾಯವಾದವು. ಆರು ನಿಮಿಷ. ಅಷ್ಟು ಹೊತ್ತಿನಲ್ಲಿ ಅವುಗಳ ಮೇಲೆ ನಡೆಯುತ್ತಿದ್ದ ಲೆಕ್ಕ ಅರ್ಧಕ್ಕೆ ಕಡಿದು, ಎರಡು ದಿನದ ಕೆಲಸವನ್ನು ಮೊದಲಿನಿಂದ ಶುರು ಮಾಡಬೇಕಾಯಿತು.

'ಬಿಡಿಸಿಬಿಟ್ರೇನು?' ಎಂದ ಅಪ್ಪ, ನಾಲ್ಕು ವರ್ಷದ ಹಿಂದಿನ ಸಂಗತಿ ಇಂದೇ ನಡೆದ ಹಾಗೆ.

ಬಿಡಿಸಲಿಲ್ಲ. ಮೇಲ್ವಿಚಾರಕರು ಆ ಸಾಲಿನ ಪ್ರತಿಯೊಂದು ಕೇಬಲ್ಲಿನ ಎರಡೂ ತುದಿಗೆ ಚೀಟಿ ಅಂಟಿಸುವ ಕೆಲಸ ಕೊಟ್ಟರು. ಕಪಾಟಿನ ಸಂಖ್ಯೆ, ಮನೆಯ ಸಂಖ್ಯೆ, ಬಾಯಿಯ ಸಂಖ್ಯೆ. ಆ ತುದಿಯಲ್ಲಿ ಏನಿದೆ ಎಂಬುದು ಈ ತುದಿಯಲ್ಲೇ ಓದುವಂತೆ. ಮೂರು ರಾತ್ರಿ ಹಿಡಿಯಿತು. ಆ ಮೇಲೆ ಕಲಿಸಿದ್ದು ಎರಡು. ಒಂದು, ಸ್ವಿಚ್ಚನ್ನೇ ಕೇಳು: ಪ್ರತಿ ಬಾಯಿಯ ಆಚೆ ಯಾರಿದ್ದಾರೆ ಎಂದು ನೆರೆಹೊರೆಯವರು ಪರಸ್ಪರ ಹೇಳಿಕೊಳ್ಳುವ ಒಂದು ಪದ್ಧತಿ ಈ ಯಂತ್ರಗಳಲ್ಲಿದೆ, ಎಲ್‌ಎಲ್‌ಡಿಪಿ ಎನ್ನುತ್ತಾರೆ, ಅದರ ಪಟ್ಟಿಯನ್ನು ನಕ್ಷೆಯ ಜತೆ ಹೋಲಿಸು. ಎರಡು, ಒಪ್ಪಿಸುವ ಮೊದಲು ನಿನ್ನ ಕೈಯಾರೆ ಒಂದು ಸ್ವಿಚ್ ಆರಿಸಿ ನೋಡು, ಎಲ್ಲ ಬದುಕಿವೆಯೇ ಎಂದು. ಆ ಮೇಲೆ ಇನ್ನೊಂದನ್ನು ಆರಿಸು. ಎರಡನೇ ದಾರಿ ಇದೆ ಎಂದು ಕಾಗದದಲ್ಲಿ ಬರೆದಿರುವುದು ಬೇರೆ, ಮೊದಲನೆಯದನ್ನು ಮುಚ್ಚಿ ನೋಡಿರುವುದು ಬೇರೆ.

ಇಷ್ಟು ಹೊತ್ತು ಕೇಳುತ್ತ ಕೂತಿದ್ದ ಅಪ್ಪ 'ಹತ್ತೊಂಬತ್ತನೇ ಗೇಟು' ಎಂದ. ವಿವರಿಸಬೇಕಾಗಿರಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ ಜಲಾಶಯ, ಒತ್ತಡ ತಗ್ಗಿಸಲು ಉಳಿದ ಗೇಟುಗಳಿಂದಲೂ ನೀರು ಬಿಡಬೇಕಾಯಿತು. ಹೊಸದಾಗಿ ತಯಾರಿಸಿ ತಂದ ಸ್ಟಾಪ್‌ಲಾಗ್‌ಗಳನ್ನು ಹರಿಯುವ ನೀರಿನಲ್ಲೇ ಇಳಿಸಿ ಮುಚ್ಚುವವರೆಗೆ, ಸುಮಾರು ಒಂದು ವಾರ, ನಾಲ್ಕು ಜಿಲ್ಲೆಗಳ ರೈತರು ನಿದ್ದೆ ಮಾಡಲಿಲ್ಲ. ಆ ವರ್ಷ ಮಳೆ ಮತ್ತೆ ಜಲಾಶಯ ತುಂಬಿಸಿತು. ಅದು ಮಳೆಯ ದೊಡ್ಡಗುಣ. ಗೇಟುಗಳು ಸಾಲಾಗಿ ನಿಂತಿದ್ದವು ನಿಜ, ಆದರೆ ಒಂದು ಸರಪಳಿ ಹರಿದಾಗ ಅದರ ಜಾಗಕ್ಕೆ ತಕ್ಷಣ ಇಳಿಯುವ ಇನ್ನೊಂದು ಇರಲಿಲ್ಲ. ಮಗ ಮೂರು ರಾತ್ರಿ ಚೀಟಿ ಅಂಟಿಸಿ ಕಲಿತದ್ದನ್ನು ಅಪ್ಪ ಒಂದೇ ಮಾತಿನಲ್ಲಿ ಹಿಡಿದುಬಿಟ್ಟಿದ್ದ.

ಆ ಮೇಲೆ ಮಾತು ಸಲೀಸಾಯಿತು. ಪ್ರತಿ ಸರ್ವರಿಗೂ ಮೂರನೆಯ ಸಣ್ಣ ಕೇಬಲ್ ಒಂದಿರುತ್ತದೆ, ಅದು ಬೇರೆಯದೇ ಸ್ವಿಚ್ಚಿಗೆ ಹೋಗುತ್ತದೆ, ಗಣಕ ಪೂರ್ತಿ ಮಲಗಿದಾಗಲೂ ಅದರ ಮೂಲಕ ದೂರದಿಂದಲೇ ಎಬ್ಬಿಸಬಹುದು ಎಂದ ಹುಡುಗ. ಕಾಲುವೆ ಒಣಗಿದ್ದರೂ ಅದರ ದಂಡೆಯ ದಾರಿಯಲ್ಲಿ ಗ್ಯಾಂಗ್‌ಮನ್ ಸೈಕಲ್ ತುಳಿಯುತ್ತ ಬರುತ್ತಾನಲ್ಲ, ಹಾಗೆ. ಗಾಳಿಯ ವಿಷಯವನ್ನಂತೂ ಅಪ್ಪನೇ ಮುಗಿಸಿದ. ಸರ್ವರ್‌ಗಳು ಮುಂದಿನಿಂದ ತಂಪು ಗಾಳಿ ಎಳೆದು ಹಿಂದಕ್ಕೆ ಬಿಸಿ ಗಾಳಿ ಊದುತ್ತವೆ. ಕೇಬಲ್ ಚುಚ್ಚಲು ಅನುಕೂಲವೆಂದು ಸ್ವಿಚ್ಚಿನ ಬಾಯಿಗಳನ್ನು ಹಿಂದಕ್ಕೆ ತಿರುಗಿಸಿ ಕೂರಿಸುತ್ತಾರೆ. ಫ್ಯಾನಿನ ದಿಕ್ಕು ನೋಡದೆ ಖರೀದಿಸಿದ್ದರೆ ಅದು ಉಳಿದವರು ಬಿಟ್ಟ ಬಿಸಿಯನ್ನೇ ಉಸಿರಾಡಿ ಬೇಯುತ್ತದೆ. 'ರಾಶಿ ತೂರೋವಾಗ ಗಾಳಿಗೆ ಎದರ ನಿಂತಂಗ,' ಎಂದ ಅಪ್ಪ. ಹೊಟ್ಟು ಯಾರ ಕಣ್ಣಿಗೆ ಬೀಳುತ್ತದೆಂದು ಆತನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಹಿಂದಿರುಗುವಾಗ ಹುಡುಗ ಪಹಣಿಯ ಮಾತು ತೆಗೆದ. ಮಸ್ಕಿ ಇನ್ನೂ ತಾಲ್ಲೂಕಾಗದಿದ್ದ ಕಾಲದಲ್ಲಿ ಕೈಬರಹದ ಪಹಣಿಗಾಗಿ ಶಾನುಭೋಗರ ಹಿಂದೆ ಅಲೆದದ್ದನ್ನು ಅಜ್ಜ ಹೇಳುತ್ತಿದ್ದ. 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಗಣಕಕ್ಕೆ ಏರಿಸಿದರು. ಮೊದಲು ಅವು ತಾಲ್ಲೂಕು ಕಚೇರಿಯ ಯಂತ್ರಗಳಲ್ಲೇ ಇದ್ದವು. ಆ ಮೇಲೆ ಬೆಂಗಳೂರಿನ ಕಪಾಟುಗಳಿಗೆ ಹೋದವು. ಈ ಕೊನೆಯ ತೂಬಿನ ನಾಲ್ಕು ಎಕರೆಯೂ ಈಗ ಅಂಥದೇ ಯಾವುದೋ ಕಪಾಟಿನಲ್ಲಿದೆ, ಯಾರೋ ಒಬ್ಬ ಹುಡುಗ ಚುಚ್ಚಿದ ಎರಡು ಕೇಬಲ್‌ಗಳ ತುದಿಯಲ್ಲಿ. ಆತ ನಿದ್ದೆಗಣ್ಣಿನಲ್ಲಿ ಚುಚ್ಚಿರದಿರಲಿ.

ಮಸ್ಕಿಯವರಿಗೆ ಇದು ಹೊಸ ಸಂಗತಿಯೂ ಅಲ್ಲ ಎನ್ನಬಹುದು. ಅಲ್ಲಿನ ಬಂಡೆಯ ಮೇಲೆ 1915ರಲ್ಲಿ ಪತ್ತೆಯಾದ ಅಶೋಕನ ಶಾಸನ, ಕೊಪ್ಪಳ, ಸಿದ್ದಾಪುರ, ಬ್ರಹ್ಮಗಿರಿಗಳಲ್ಲೂ ಹೆಚ್ಚುಕಡಿಮೆ ಅದೇ ಒಕ್ಕಣೆಯಲ್ಲಿದೆ. ಒಂದೇ ಮಾತನ್ನು ಹಲವು ಕಡೆ ಕೆತ್ತಿಸಿದ ದೊರೆಗೆ ಒಂದು ಬಂಡೆಯ ಮೇಲೆ ನಂಬಿಕೆಯಿರಲಿಲ್ಲವೋ ಏನೋ. 'ದೇವಾನಾಂಪ್ರಿಯ' ಎಂಬ ಬಿರುದಿನ ಜತೆ ಅಶೋಕ ಎಂಬ ಹೆಸರು ಕಾಣಿಸಿದ್ದರಿಂದಲೇ ಮಸ್ಕಿಯ ಪ್ರತಿಗೆ ಅಷ್ಟು ಬೆಲೆ ಬಂತು.

ಅರ್ಜಿಯ ಮಾತನ್ನು ಆ ಸಂಜೆ ಯಾರೂ ಎತ್ತಲಿಲ್ಲ. ಮರುದಿನ ಬೆಳಿಗ್ಗೆ ಅಪ್ಪ ಮಗಳನ್ನು ಕರೆದು, 'ಲಿಂಗಸುಗೂರಾಗ ಹುಡುಗ್ಯಾರ ಹಾಸ್ಟೆಲ್ ಐತೇನು, ಮೊದಲ ಅದನ್ನ ಕೇಳ್ಕೊಂಡು ಬಾ' ಎಂದ. ತಂದೆಯರು ಒಪ್ಪಿಗೆ ಕೊಡುವ ರೀತಿಯೇ ಇದು. ಅಣ್ಣ ತಂಗಿಗೆ ಬೇರೆ ಪಾಠ ಹೇಳಿದ: ಡಿಪ್ಲೊಮಾ ಕಾಗದ ಬಾಗಿಲವರೆಗೆ ಒಯ್ಯುತ್ತದೆ, ಒಳಗೆ ಹೋದ ಮೇಲೆ ಇಂಗ್ಲಿಷಿನ ಕೈಪಿಡಿ ಓದಬೇಕು, ಲಿನಕ್ಸ್ ಕಲಿಯಬೇಕು, ವಿಳಾಸಗಳ ಲೆಕ್ಕ ಬಾಯಿಗೆ ಬರಬೇಕು, ತಾನು ಕೇಬಲ್ ಚುಚ್ಚುವಲ್ಲೇ ಎರಡು ವರ್ಷ ನಿಂತದ್ದು ಅದನ್ನು ತಡವಾಗಿ ತಿಳಿದದ್ದರಿಂದ. ಈಗ ಆತ ಚುಚ್ಚುವುದು ಕಡಿಮೆ, ನಕ್ಷೆ ಬರೆಯುವುದು ಹೆಚ್ಚು.

ಆತ ಮತ್ತೆ ಊರಿಗೆ ಬಂದದ್ದು ಭತ್ತ ತೆನೆ ಕಟ್ಟುವ ಹೊತ್ತಿಗೆ. ಸರದಿಯ ನೀರು ಕೊನೆಯ ತೂಬಿಗೆ ಬರುವುದು ಎಂದಿನಂತೆ ನಡುರಾತ್ರಿ. ಅಪ್ಪ, ಮಗ ಬ್ಯಾಟರಿ ಹಿಡಿದು ಕಟ್ಟೆಯ ಮೇಲೆ ಕೂತಿದ್ದರು. ಒಂದೂವರೆಗೆ ಹುಡುಗನ ಫೋನ್ ಹೊಡೆದುಕೊಂಡಿತು. ಬೆಂಗಳೂರಿನಿಂದ ಕಿರಿಯನೊಬ್ಬ ಗಾಬರಿಯಲ್ಲಿ ಮಾತಾಡುತ್ತಿದ್ದ. ಒಂದು ಸರ್ವರ್ ಅರ್ಧ ಕಿವುಡಾಗಿದೆ, ಎರಡರಲ್ಲಿ ಒಂದು ದಾರಿ ಬಿದ್ದಿದೆ. ಹುಡುಗ ಕಣ್ಣು ಮುಚ್ಚಿ ಕಪಾಟನ್ನು ನೆನೆದು, 'ಎರಡನೇ ಸ್ವಿಚ್ಚು, 17ನೇ ಬಾಯಿ. ಚೀಟಿ ಓದಿ ಕೀಳು, ದೀಪ ನೋಡಿ ಕೀಳಬೇಡ. ಧೂಳಿರಬೇಕು, ಕೇಬಲ್ ಬದಲಿಸಿ ಹಾಕು,' ಎಂದ. ಐದು ನಿಮಿಷ ಕಿವಿಗೆ ಫೋನ್ ಒತ್ತಿಕೊಂಡೇ ಕೂತಿದ್ದ.

'ಬಂತೇನಂತ?' ಅಪ್ಪ ಕೇಳಿದ.

'ಬಂತಂತಪ್ಪ.'

ತೂಬಿನ ಬಾಯಲ್ಲಿ ಮೊದಲು ಗಾಳಿ ಬುಸುಗುಟ್ಟಿತು. ಅಪ್ಪ ಸಲಿಕೆ ಎತ್ತಿಕೊಂಡು ಎದ್ದ.